ಮಡಿಯಲ್ಲೇ

ಬಾಣಾವರದ ಗೇಟು ದಾಟಿ, ರೈಲುಹಳಿಯ ಪಕ್ಕ
ಏಳು ಗುಂಟೆ ಗರಸು ನೆಲ. ಗುದ್ದಲಿ ಹಾಕಿದರೆ
ಕಿಡಿ ಬರುತ್ತೆ, ಮಣ್ಣು ಬರಲ್ಲ.
ನಿವೃತ್ತಿಯ ದುಡ್ಡಲ್ಲಿ ಕೊಂಡೆ. ನಗುವವರು ನಕ್ಕರು:
'ನರ್ಸಮ್ಮಾ, ಇಲ್ಲಿ ಕಳ್ಳಿಯೂ ರಜಾ ಕೇಳುತ್ತೆ.'
ಸರಿ, ಅಗೆಯೋದು ಬೇಡ, ಅಂದುಕೊಂಡೆ.
ನೆಲದ ಮೇಲೇ ಕಟ್ಟುತ್ತೇನೆ.

ಮೊದಲು ಟೈರು. ಗುಜರಿ ನಯಾಜ್ ಉರುಳಿಸಿಕೊಂಡು ಬಂದ
ಲಾರಿ ಟೈರಿನ ಅಂಚು ಕೊಯ್ದು
ಒಳಗನ್ನು ಹೊರಗೆ ಮಗುಚಿದೆವು,
ಇಬ್ಬರೂ ಮೊಣಕಾಲೂರಿ, ಬೆವರಿ—
'ಇನ್ನೊಂಚೂರು, ಇನ್ನೊಂಚೂರು, ಬಂತು, ಬಂತು'
ಅಂತಿದ್ದವಳು ನಾನೇ.
ಮೂವತ್ತೆರಡು ವರ್ಷದ ಬಾಯಿಪಾಠ.

ತಳಕ್ಕೆ ಕೊಬ್ಬರಿ ಕಣದಿಂದ ತಂದ ಕಾಯಿಮಟ್ಟೆ,
ಬೊಗಸೆ ಮೇಲಾಗಿ. ಕುಡಿದ ನೀರನ್ನು ಮಟ್ಟೆ
ಸಾಸಿವೆ ಡಬ್ಬಿಯ ಕಾಸಿನ ಹಾಗೆ ಬಚ್ಚಿಡುತ್ತೆ.
ಮೇಲೆ ಹೊಂಗೆಸೊಪ್ಪು, ರಾಗಿಹೊಟ್ಟು, ಕುರಿಹಿಕ್ಕೆ,
ಅದರ ಮೇಲೆ ಕೆರೆಗೋಡು, ಕಪ್ಪಗೆ, ಮೆತ್ತಗೆ.
ಎಷ್ಟು ಎತ್ತರ? ಬ್ಯಾಗಿನಲ್ಲಿ ಟೇಪಿತ್ತು,
ಬಸಿರಿಯರ ಹೊಟ್ಟೆ ಅಳೆದೂ ಅಳೆದೂ ಅಂಕಿ ಮಾಸಿದ್ದು.
ಇಪ್ಪತ್ತೆಂಟು ಸೆಂಟಿಮೀಟರು. ಅಂದರೆ ಏಳು ತಿಂಗಳು.
ಮೂಲಂಗಿಗೆ ಸಾಕು.

ಸೋತದ್ದೂ ಉಂಟು.
ಚುನಾವಣೆಯ ಫ್ಲೆಕ್ಸು ಹಾಸಿ ಮಾಡಿದ ಮಡಿಯಲ್ಲಿ
ನೀರಿಂಗದೆ ಬದನೆಯ ಬುಡ ಕೊಳೆಯಿತು.
ಕೆದಕಿದರೆ ಅಡಿಯಲ್ಲಿ ಕೈಮುಗಿದ ಮುಖ,
ಒಂದಿಷ್ಟೂ ಬಾಡದೆ.

ಒಡೆದ ಹೆಂಚು ನೆಟ್ಟು ದುಂಡಗೆ ಇನ್ನೊಂದು;
ನಡುವೆ ಈಚಲುಬುಟ್ಟಿ, ಅದರ ಬಾಯಿಗೆ ಕಲಗಚ್ಚು, ಸಿಪ್ಪೆ,
ನಾನು ಹೋಗಿ ನಿಲ್ಲಲು ಒಂದು ಸಂದು.
ಮೇಲಿನಿಂದ ನೋಡಿದರೆ ಬೀಗದ ತೂತಂತೆ.
ಮೇಲಿನಿಂದ ನೋಡುವವರು ಯಾರು, ಕಾಗೆ ಬಿಟ್ಟು?

ಆಮೇಲೆ ಮಂಚ.
ಆಸ್ಪತ್ರೆಯ ಹರಾಜಿನಲ್ಲಿ, ಮುನ್ನೂರು ರೂಪಾಯಿ.
ಬಿಳಿ ಬಣ್ಣ ಚಕ್ಕೆಯೆದ್ದ ಕಬ್ಬಿಣ; ತಲೆಯ ಕಡೆಯ ಸರಳು
ಹಿಡಿದ ಕೈಗಳಿಗೆ ಸವೆದು ನುಣ್ಣಗಾಗಿತ್ತು.
ನಯಾಜ್ ಸುತ್ತ ತಗಡು ವೆಲ್ಡ್ ಮಾಡಿದ, ತೂತು ಬಿಟ್ಟ,
ಕನ್ನಡಕ ಮೇಲೆ ಸರಿಸಿ ಕೇಳಿದ:
'ಸಿಸ್ಟರ್, ನಾನು ಹುಟ್ಟಿದ್ದು ಇದರ ಮೇಲಾ?'
'ಇಲ್ಲ ಕಣೋ. ನೀನು ಜೀಪಿನಲ್ಲಿ.
ಗೇಟು ಹಾಕಿತ್ತು. ಗೂಡ್ಸು ಗಾಡಿ.
ಐವತ್ತೆಂಟು ಡಬ್ಬಿ. ನಿನ್ನಮ್ಮ ಎಣಿಸಿದಳು.'
ಅವನು ಸ್ವಲ್ಪ ಹೊತ್ತು ಹಳಿಯ ಕಡೆ ನೋಡಿದ.

ಮಂಚದಲ್ಲೀಗ ದಂಟು, ಮೆಂತ್ಯ, ಸಬ್ಬಸಿಗೆ.
ಮೊಳಕೆ ಕುಕ್ಕಲು ನವಿಲು ಬರುತ್ತೆ, ಮೈತುಂಬ ಜರತಾರಿ,
ಬುದ್ಧಿ ಮಾತ್ರ ಕೋಳಿಯದು.
ನಾಲ್ಕು ಮೂಲೆಯ ಕೋಲಿಗೆ ಸೊಳ್ಳೆಪರದೆ ಕಟ್ಟಿದೆ.
ಒಳಗೆ ಸೊಪ್ಪು ನಿದ್ದೆ ಹೋಗುತ್ತೆ.

ಹಳೇ ಅಭ್ಯಾಸ, ರಿಜಿಸ್ಟರೂ ಇದೆ:
ಸೋಮವಾರ, ಬೆಳಗ್ಗೆ ಆರೂ ಕಾಲು, ಹುರುಳಿಕಾಯಿ,
ತೂಕ ಎರಡು ಕೆಜಿ ಎಂಟುನೂರು.
'ಅತ್ತಿತೇ' ಅನ್ನೋ ಕಾಲಮ್ಮು ಖಾಲಿ.

ನಿನ್ನೆ ಕೋಟೆಬೀದಿಯ ನಾಗಲಾಂಬಮ್ಮ ಬಂದರು,
ಮನೆಯಲ್ಲಿ ವ್ರತವಂತೆ, ದಂಟಿನ ಸೊಪ್ಪು ಬೇಕಂತೆ.
ಅವರ ಸೊಸೆಗೆ ಹೆರಿಗೆ ಮಾಡಿಸಿದ ಬೆಳಗ್ಗೆ
ನಾನು ದಾಟಿದ ಹೊಸ್ತಿಲಿಗೆ ಐದು ಕೊಡ ನೀರು ಸುರಿದಿದ್ದರು.
ಲೆಕ್ಕ ಗೊತ್ತು. ಎದುರಿಗೇ ಬಸ್ಸಿಗೆ ಕಾಯುತ್ತಿದ್ದೆ.
ಚೀಲ ತೆರೆದು, ತಡೆದು, ಕೇಳಿದರು:
'ಮಡಿಯಲ್ಲಿ ಕೊಯ್ದದ್ದು ತಾನೇ?'
ಬೇರಿನ ಮಣ್ಣು ಕೊಡವುತ್ತಾ ಹೇಳಿದೆ:
'ಹೂಂ ಕಣಮ್ಮಾ. ಮಡಿಯಲ್ಲೇ.'

ಸಂಜೆ ನೀರು ಹೊತ್ತೆ. ಮಂಚಕ್ಕೆ ಎರಡು ಕೊಡ,
ಟೈರುಗಳಿಗೆ ಒಂದೊಂದು, ಹೆಂಚಿನ ಮಡಿಗೆ ಅರ್ಧ.
ನಾಳೆ ನಯಾಜ್ ಬಾಗಿಲಿಲ್ಲದ ಫ್ರಿಜ್ಜು ತರುತ್ತಾನಂತೆ.
ಅಂಗಾತ ಮಲಗಿಸಿ ತೂತು ಹೊಡೆದರೆ
ಶುಂಠಿ ಬಂದರೂ ಬಂದೀತು.